ಚಳಿಗೆ ಸಿಕ್ಕ ಬಾಳೆ

ಬಾಳೆ ಬಿಸಿಲುನಾಡಿನ ಬೆಳೆ. ಅದನ್ನು ಚಳಿಯಲ್ಲಿ ಬೆಳೆಯುವ ವಿಚಾರವನ್ನು ಶಿರಸಿ ಸೀಮೆಯವರ ಮುಂದೆ ಎತ್ತಿದರೆ, "ನಮಗೇಕೆ ಈ ಮಾತು? ನಮ್ಮಲ್ಲೇನು ಹಿಮ ಬೀಳುತ್ತದೆಯೇ?" ಎಂದು ನೀವು ಕೇಳಬಹುದು. ಹಿಮ ಬೀಳುವುದಿಲ್ಲ, ನಿಜ. ಆದರೆ ಪುಷ್ಯಮಾಸದ ಒಂದು ಬೆಳಗ್ಗೆ, ಬಿಸಿಲು ಮೂಡುವ ಮೊದಲು, ವಾನಳ್ಳಿಯ ಕಡೆಯ ಯಾವುದಾದರೊಂದು ಅಡಿಕೆ ತೋಟಕ್ಕೆ ಇಳಿದು ನೋಡಿ. ಮನೆಯಂಗಳದಲ್ಲಿ ಹೊದ್ದು ಹೊರಟ ಶಾಲು ತೋಟದ ತಳ ಮುಟ್ಟುವಷ್ಟರಲ್ಲಿ ಸಾಲದೆ ಹೋಗುತ್ತದೆ. ತಣ್ಣನೆಯ ಗಾಳಿ ಭಾರವಾದದ್ದು. ಅದು ರಾತ್ರಿಯೆಲ್ಲ ನೀರಿನಂತೆ ಗುಡ್ಡದಿಂದ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಮ್ಮ ತೋಟಗಳೆಲ್ಲ ಇರುವುದು ಆ ತಳದಲ್ಲಿಯೇ.

ನಮ್ಮ ಚಳಿಯ ಅಳತೆ ಬೇರೆ, ಬಾಳೆಯ ಚಳಿಯ ಅಳತೆ ಬೇರೆ. ಹವೆಯ ಉಷ್ಣಮಾನ ೨೭ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿದ್ದರೆ ಬಾಳೆಗೆ ಸುಖ. ಅದು ೧೬ಕ್ಕೆ ಇಳಿಯಿತೆಂದರೆ ಹೊಸ ಎಲೆ ಬಿಚ್ಚುವುದು ಬಹುಮಟ್ಟಿಗೆ ನಿಂತೇ ಹೋಗುತ್ತದೆ. ೧೩ರ ಕೆಳಗೆ ಕಾಯಿಯ ಸಿಪ್ಪೆಯೊಳಗಿನ ನಾಳಗಳು ಕಂದುತ್ತವೆ. ಅಂಥ ಕಾಯಿ ಹಣ್ಣಾದಾಗ ಹೊಳೆಯುವ ಹಳದಿ ಬರದೆ ಬೂದಿ ಕವಿದಂತೆ ಕಾಣುತ್ತದೆ. ಬಾಳೆಹಣ್ಣನ್ನು ಶೀತಪೆಟ್ಟಿಗೆಯಲ್ಲಿಟ್ಟ ಗೃಹಿಣಿಯರಿಗೆ ಈ ಕಪ್ಪು ಬಣ್ಣದ ಪರಿಚಯವಿದೆ. ಸುಮಾರು ೬೦೦ ಮೀಟರ್ ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಹದಿಮೂರು ಹದಿನಾಲ್ಕಕ್ಕೆ ಇಳಿಯುವುದು ಅಪರೂಪವೇನೂ ಅಲ್ಲ. ಹಗಲು ಬಿಸಿಲು ಬರುತ್ತದೆ, ಗಿಡ ಸಾಯುವುದಿಲ್ಲ. ಸಾಯುವುದಿಲ್ಲವಾದ್ದರಿಂದಲೇ ಚಳಿ ಮಾಡಿದ ಹಾನಿಯನ್ನು ನಾವು ಚಳಿಯ ಲೆಕ್ಕಕ್ಕೆ ಬರೆಯುವುದಿಲ್ಲ. ಗೊನೆ ಸಣ್ಣದಾದರೆ ಗೊಬ್ಬರ ಸಾಲದಾಯಿತೆನ್ನುತ್ತೇವೆ, ಇಲ್ಲವೆ ಹಿಳ್ಳು ಒಳ್ಳೆಯದಿರಲಿಲ್ಲವೆನ್ನುತ್ತೇವೆ.

ಈ ಹಾನಿ ಎಲ್ಲಿ ಆಗುತ್ತದೆಂದು ತಿಳಿಯಬೇಕಾದರೆ ಬಾಳೆಯ ಮೈಕಟ್ಟನ್ನು ಸ್ವಲ್ಪ ನೋಡಬೇಕು. ನಾವು ಕಾಂಡವೆನ್ನುವುದು ಕಾಂಡವಲ್ಲ, ಒಂದರ ಮೇಲೊಂದು ಸುತ್ತಿಕೊಂಡ ಎಲೆಬುಡಗಳ ಸುರುಳಿ. ನಿಜವಾದ ಕಾಂಡ ಮಣ್ಣೊಳಗಿನ ಗಡ್ಡೆ; ಬೆಳೆಯುವ ಮೊಳಕೆಯಿರುವುದು ಆ ಗಡ್ಡೆಯ ನೆತ್ತಿಯಲ್ಲಿ, ನೆಲದ ಮಟ್ಟದಲ್ಲಿ. ಆದುದರಿಂದ ಎಳೆಯ ಬಾಳೆಗೆ ಮೇಲಿನ ಎಲೆಯೆಲ್ಲ ಸುಟ್ಟುಹೋದರೂ ಜೀವಕ್ಕೆ ಮೋಸವಿಲ್ಲ. ನಮ್ಮ ಸಹ್ಯಾದ್ರಿಯ ಬಂಡೆಗಳ ಸಂದಿಯಲ್ಲಿ ಬೆಳೆಯುವ ಕಲ್ಲುಬಾಳೆಯನ್ನು ನೀವು ನೋಡಿರಬೇಕು. ಮಳೆ ಹೋಗಿ ಒಣಗಾಲ ಬಂದಿತೆಂದರೆ ಅದರ ಎಲೆಯೆಲ್ಲ ಉದುರಿ, ಬಂಡೆಯ ಮೇಲೆ ಮೊಂಡು ಬುಡವೊಂದು ಉಳಿಯುತ್ತದೆ. ಮೊದಲ ಮಳೆಗೆ ಮತ್ತೆ ಚಿಗುರು. ಅದರ ನೆಂಟನೇ ಆದ ಎನ್ಸೆಟ್ ಎಂಬ ಬಾಳೆಯನ್ನು ಇಥಿಯೋಪಿಯದ ಜನ ಎರಡು ಮೂರು ಸಾವಿರ ಮೀಟರ್ ಎತ್ತರದ ತಂಪು ಬೆಟ್ಟಗಳಲ್ಲಿ ಬೆಳೆಯುತ್ತಾರೆ. ಅವರು ಹಣ್ಣಿನ ಆಸೆಯನ್ನೇ ಬಿಟ್ಟಿದ್ದಾರೆ. ಗಡ್ಡೆಯನ್ನೂ ದಿಂಡಿನ ತಿರುಳನ್ನೂ ಹುಳಿಬರಿಸಿ ರೊಟ್ಟಿ ಮಾಡಿ ಉಣ್ಣುತ್ತಾರೆ. ಅದು ಕೋಟಿಗೂ ಮಿಕ್ಕಿದ ಜನರ ಅನ್ನ. ಜಪಾನಿನಲ್ಲಿಯೂ ಒಂದು ಬಾಳೆಯುಂಟು, ಬಶೋ ಎಂದು ಹೆಸರು. ಹದಿನೇಳನೆಯ ಶತಮಾನದ ಪ್ರಸಿದ್ಧ ಕವಿಯೊಬ್ಬ ಗುಡಿಸಲ ಮುಂದಿನ ಈ ಗಿಡದ ಹೆಸರನ್ನೇ ತನ್ನ ಕಾವ್ಯನಾಮ ಮಾಡಿಕೊಂಡ. ಚಳಿಗಾಲದಲ್ಲಿ ಬುಡಕ್ಕೆ ಹುಲ್ಲು ಸುತ್ತಿಟ್ಟರೆ ಹಿಮವನ್ನೂ ತಾಳಿ ಮತ್ತೆ ಚಿಗುರುತ್ತದೆ. ತಿನ್ನುವ ಹಣ್ಣು ಮಾತ್ರ ಅದರಲ್ಲಿಲ್ಲ. ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿದ ನಮ್ಮವರಲ್ಲಿಯೂ ಕುಂಡದಲ್ಲಿ ಬಾಳೆ ಸಾಕಿ, ಚಳಿಗಾಲಕ್ಕೆ ಮನೆಯೊಳಗೆ ಎಳೆದುಕೊಳ್ಳುವವರುಂಟು. ಅವರಿಗೂ ಹಬ್ಬಕ್ಕೆ ಒಂದೆರಡು ಎಲೆ ಸಿಕ್ಕರೆ ಅದೇ ದೊಡ್ಡದು.

ಹಾಗಾದರೆ ಗಡ್ಡೆ ಉಳಿದರೂ ಗೊನೆ ಏಕೆ ಬರುವುದಿಲ್ಲ? ಒಂದು ವಯಸ್ಸಿಗೆ ಗಡ್ಡೆಯ ನೆತ್ತಿಯಲ್ಲಿ ಎಲೆ ಹುಟ್ಟುವುದು ನಿಂತು ಹೂ ಹುಟ್ಟುತ್ತದೆ. ಅದು ಹೊರಗೆ ನಿಂತ ನಮಗೆ ಕಾಣುವುದಿಲ್ಲ. ಆ ಗಳಿಗೆಯಲ್ಲಿ ಇನ್ನೂ ಹತ್ತು ಹನ್ನೊಂದು ಎಲೆಗಳು ಸುರುಳಿಯೊಳಗಿಂದ ಹೊರಬರುವುದು ಬಾಕಿಯಿರುತ್ತದೆ. ಬೆಚ್ಚಗಿನ ಕಾಲದಲ್ಲಿ ವಾರಕ್ಕೊಂದು ಎಲೆಯೆಂದರೂ ಮೂತಿ ಹೊರಗೆ ಕಾಣುವುದಕ್ಕೆ ಎರಡೂವರೆ ಮೂರು ತಿಂಗಳು ಮೊದಲೇ ಗೊನೆಯ ಹಣೆಬರಹ ಬರೆದಾಗಿರುತ್ತದೆ: ಎಷ್ಟು ಚಿಪ್ಪು, ಚಿಪ್ಪಿಗೆ ಎಷ್ಟು ಕಾಯಿ ಎಂಬುದೆಲ್ಲ. ಬರೆಯುವ ದಿನಗಳಲ್ಲಿ ಚಳಿಯಿದ್ದರೆ ಚಿಪ್ಪು ಕಡಿಮೆ, ಕಾಯಿ ಸೊಟ್ಟ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಹುಟ್ಟದ ಚಿಪ್ಪು ಹುಟ್ಟುವುದಿಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನ ಬಾಳೆಗಾರರು ಇದನ್ನು ಚೆನ್ನಾಗಿ ಬಲ್ಲರು. ಅಲ್ಲಿ ಜುಲೈ ಆಗಸ್ಟಿಗೆ ಚಳಿಗಾಲ; ಆಗ ಒಳಗೆ ಹುಟ್ಟಿ ವಸಂತದಲ್ಲಿ ಹೊರಬರುವ ವಿಕಾರವಾದ ಗೊನೆಗಳಿಗೆ ಅವರು 'ನವೆಂಬರ್ ಡಂಪ್' ಎಂಬ ಬೈಗುಳದ ಹೆಸರನ್ನೇ ಇಟ್ಟಿದ್ದಾರೆ. ಗೊನೆ ಹೊರಬಂದ ತಿಂಗಳಲ್ಲಿ ಚಳಿಯೇ ಇರುವುದಿಲ್ಲ. ಆದುದರಿಂದ ಕಾರಣ ತಿಳಿಯದವನು ಬೇರೆ ಯಾವುದನ್ನೋ ದೂರುತ್ತಾನೆ.

ಚಳಿ ಇನ್ನೂ ಎರಡು ಕಡೆ ಬಾಳೆಯನ್ನು ಹಿಡಿಯುತ್ತದೆ. ಮೂತಿ ಹೊರಡುವ ಹೊತ್ತಿಗೆ ಸರಿಯಾಗಿ ಸಿಕ್ಕಿದರೆ, ಬಿಗಿದ ಎಲೆಬುಡಗಳ ನಡುವೆ ಗೊನೆ ಗಂಟಲಲ್ಲಿ ಸಿಕ್ಕ ತುತ್ತಿನಂತೆ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೆ ದಿಂಡಿನ ಪಕ್ಕ ಸೀಳಿಕೊಂಡು ಬರುತ್ತದೆ. ಇನ್ನು ಗೊನೆ ಚೆನ್ನಾಗಿ ಹೊರಬಿದ್ದ ಮೇಲೆ ಚಳಿ ಬಂದಿತೆನ್ನಿ. ಆಗ ಕಾಯಿ ತುಂಬುವುದು ತಡವಾಗುತ್ತದೆ. ಬೇಸಿಗೆಯಲ್ಲಿ ನೂರು ದಿನಕ್ಕೆ ಬಲಿಯುವುದು ಚಳಿಯಲ್ಲಿ ನೂರೈವತ್ತು ದಿನವನ್ನೂ ಮೀರಬಹುದು. ಈ ಕಡೆಯದು ಬರಿಯ ಕಾಲದ ನಷ್ಟ, ಅದಕ್ಕೆ ಉಪಾಯವುಂಟು.

ನಮ್ಮಲ್ಲಿ ಈ ಲೆಕ್ಕ ಬಹಳ ಬೇಕಾಗುವುದು ಶಿರಸಿಯ ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಫೆಬ್ರವರಿ, ಮಾರ್ಚಿನಲ್ಲಿ ಬರುವ ಜಾತ್ರೆ. ನಾಡಿಗೆ ನಾಡೇ ಸೇರುತ್ತದೆ, ಬಾಳೆಗೆ ಬೆಲೆಯುಂಟು. ಆ ಹೊತ್ತಿಗೆ ಗೊನೆ ಕಡಿಯಬೇಕೆನ್ನುವವರು ಮೂತಿ ಸೆಪ್ಟೆಂಬರಿನಲ್ಲಿಯೇ ಹೊರಬೀಳುವಂತೆ ನೋಡಿಕೊಳ್ಳಬೇಕು. ಆಗ ಹೂ ಕಟ್ಟಿದ್ದು ಮಳೆಗಾಲದಲ್ಲಿ, ಚಿಪ್ಪುಗಳೆಲ್ಲ ಪೂರ್ತಿ. ಚಳಿ ತೆಗೆದುಕೊಂಡದ್ದು ಒಂದಿಷ್ಟು ದಿನಗಳನ್ನು ಮಾತ್ರ. ಹಾಗಲ್ಲದೆ, ಬೆಚ್ಚಗಿನ ಕಾಲದ ನೂರು ದಿನದ ಲೆಕ್ಕ ಹಿಡಿದು ನವೆಂಬರಿನ ಮೂತಿಯನ್ನು ನಂಬಿ ಕುಳಿತವನು ಜಾತ್ರೆಗೆ ಎಳೆಗಾಯಿ ಹೊತ್ತು ಹೋಗಬೇಕಾಗುತ್ತದೆ.

ಜಾತ್ರೆಯ ಗೊಡವೆ ಬೇಡ ಎನ್ನುವವರಿಗೆ ನನ್ನ ಸಲಹೆ ಹಳೆಯ ಪದ್ಧತಿಯೇ. ಮುಂಗಾರಿನ ಮೊದಲ ಮಳೆಗೆ ಕತ್ತಿಯಲಗಿನಂಥ ಕಿರಿದಾದ ಎಲೆಯ, ಬುಡ ದಪ್ಪಗಿರುವ ಹಿಳ್ಳನ್ನು ನೆಡಿ. ಅದು ತನ್ನ ಮೊದಲ ಚಳಿಗಾಲವನ್ನು ಬರಿಯ ಎಲೆಯ ಹಂತದಲ್ಲಿ, ಮೊಳಕೆ ನೆಲದ ಮಟ್ಟದಲ್ಲಿ ಭದ್ರವಾಗಿರುವಾಗಲೇ ಕಳೆಯುತ್ತದೆ. ಬಿಸಿಲು ಏರುವಾಗ ಒಳಗೆ ಹೂ ಕಟ್ಟಿ, ಮುಂದಿನ ಮಳೆಗಾಲದ ಹೊತ್ತಿಗೆ ಮೂತಿ ಹಾಕುತ್ತದೆ. ಕೊಯ್ಲು ದಸರೆ ದೀಪಾವಳಿಗೆ. ಮಳೆಗಾಳಿಗೆ ಬೀಳದಂತೆ ಊರುಗೋಲು ಕೊಡಬೇಕು, ಬೇಸಿಗೆಯಲ್ಲಿ ನೀರು ತಪ್ಪಿಸಬಾರದು. ತಳಿತಳಿಗೂ ತೋಟತೋಟಕ್ಕೂ ಹದಿನೈದು ದಿನ, ತಿಂಗಳು ಹೆಚ್ಚುಕಡಿಮೆಯಾಗುವುದುಂಟು. ಆದುದರಿಂದ ನೆಟ್ಟ ದಿನ, ಮೂತಿ ಬಂದ ದಿನ, ಕಡಿದ ದಿನ, ಇವು ಮೂರನ್ನೂ ಅಡಿಕೆಯ ಲೆಕ್ಕದ ಪುಸ್ತಕದಲ್ಲಿಯೇ ಒಂದು ಮೂಲೆಗೆ ಬರೆದಿಡಿ. ಎರಡು ವರ್ಷದಲ್ಲಿ ನಿಮ್ಮ ತೋಟದ ಪಂಚಾಂಗ ನಿಮ್ಮ ಕೈಯಲ್ಲಿರುತ್ತದೆ.

ಮೊದಲ ಗೊನೆಯ ಮೇಲೆ ನೆಡುವ ಪ್ರಶ್ನೆಯಿಲ್ಲ. ಯಾವ ಹಿಳ್ಳನ್ನು ಉಳಿಸುವಿರಿ ಎಂಬುದೇ ಪ್ರಶ್ನೆ. ದೀಪಾವಳಿಯ ಹೊತ್ತಿಗೆ ಸೊಂಟದೆತ್ತರದೊಳಗಿರುವ ಹಿಳ್ಳು ಚಳಿಯನ್ನು ಸುಖವಾಗಿ ದಾಟುತ್ತದೆ. ಆಗಲೇ ಆಳೆತ್ತರ ಮೀರಿ ಅಗಲವಾದ ಎಲೆ ಹರಡಿದ್ದು ಚಳಿಯ ನಡುವೆಯೇ ಹೂ ಕಟ್ಟುವ ಅಪಾಯವುಂಟು. ಎಲ್ಲಕ್ಕಿಂತ ದೊಡ್ಡದನ್ನು ಉಳಿಸುವುದು ನಮ್ಮ ಕೈಯ ಅಭ್ಯಾಸ. ಈ ಒಂದು ವಿಷಯದಲ್ಲಿ ಕೈಯನ್ನು ತಡೆಯುವುದು ಒಳ್ಳೆಯದು.

ಅಡಿಕೆ ಮರಗಳು ಇಲ್ಲಿ ದೊಡ್ಡ ಉಪಕಾರ ಮಾಡುತ್ತವೆ. ರಾತ್ರಿ ನೆಲದ ಶಾಖ ಆಕಾಶಕ್ಕೆ ಹಾರಿಹೋಗದಂತೆ ಆ ಹೆಡೆಗಳ ಚಪ್ಪರ ಹೊದಿಕೆಯಾಗುತ್ತದೆ. ಬಯಲಿನಲ್ಲಿ ಬರಿಯ ಬಾಳೆ ಹಾಕಿದವರಿಗಿಂತ ಅಡಿಕೆಯ ನಡುವೆ ಹಾಕಿದವರು ಚಳಿಯ ಮಟ್ಟಿಗೆ ಮೇಲು. ಬೆಳಕು ಕಡಿಮೆಯೆಂಬುದನ್ನು ಮಾತ್ರ ಒಪ್ಪಬೇಕು. ನೆಲ ಹಸಿಯಾಗಿದ್ದರೆ ಹಗಲಿನ ಬಿಸಿಲನ್ನು ಹೆಚ್ಚು ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ. ಒಣನೆಲಕ್ಕೆ ಆ ಶಕ್ತಿಯಿಲ್ಲ. ಬೆಟ್ಟದಿಂದ ತಂದ ಸೊಪ್ಪು, ದರಕುಗಳ ಮುಚ್ಚಿಗೆ ಗಡ್ಡೆಗೆ ಒಳ್ಳೆಯದು. ಆದರೆ ನೀರು ಕೊಟ್ಟ ಮೇಲೆ ಮುಚ್ಚಿ. ಒಣಮಣ್ಣಿನ ಮೇಲೆ ದಪ್ಪವಾಗಿ ಹರಡಿದ ದರಕು ಬಿಸಿಲಿನ ಶಾಖ ಕೆಳಗಿಳಿಯದಂತೆಯೂ ಮಾಡುತ್ತದೆ. ದಿಂಡಿಗೆ ಜೋತುಬಿದ್ದ ಒಣಎಲೆಗಳನ್ನು ಚಳಿಗಾಲದಲ್ಲಿ ಕೊಯ್ಯಬೇಡಿ, ಅವು ಗಿಡದ ಅಂಗಿ. ಚಳಿ ಕಳೆದೊಡನೆ ಕೊಯ್ದುಬಿಡಿ, ಏಕೆಂದರೆ ಹುಳುಗಳಿಗೂ ಅದು ಮನೆ. ಗೊನೆಗೆ ಒಣಎಲೆ ಸುತ್ತಿ ಕಟ್ಟುವುದಾಗಲಿ, ತಳ ತೆರೆದ ಪ್ಲಾಸ್ಟಿಕ್ ಚೀಲ ತೊಡಿಸುವುದಾಗಲಿ ಕಾಯಿಯನ್ನು ಸ್ವಲ್ಪ ಬೆಚ್ಚಗಿಡುತ್ತದೆ.

ತಳಿಯ ವಿಚಾರ ಒಂದೆರಡು ಮಾತು ಸಾಕು. ನಮ್ಮ ಬಾಳೆಗಳಲ್ಲಿ ಎರಡು ಕಾಡುಬಾಳೆಗಳ ರಕ್ತವಿದೆ. ಅಕ್ಯುಮಿನಾಟ ಎಂಬುದು ಮಲಯದ ಬಿಸಿಲುಮಳೆಯ ಕಾಡಿನದು. ಬಾಲ್ಬಿಸಿಯಾನ ಎಂಬುದು ಒಣಹವೆ, ತಂಪು ಎರಡನ್ನೂ ತಾಳುವ ಒರಟು ಜಾತಿ. ಎರಡನೆಯದರ ಪಾಲು ಹೆಚ್ಚಿದ್ದಷ್ಟೂ ಗಿಡ ಚಳಿಗೆ ಗಟ್ಟಿ. ಬೂದಿಬಾಳೆಯಲ್ಲಿ ಆ ಪಾಲು ಹೆಚ್ಚು, ಏಲಕ್ಕಿಬಾಳೆಯಲ್ಲಿ ಅರ್ಧ. ಪಚ್ಚಬಾಳೆ, ಕ್ಯಾವೆಂಡಿಶ್ ಜಾತಿಗಳಲ್ಲಿ ಏನೂ ಇಲ್ಲ. ಇಲ್ಲೊಂದು ವಿನೋದವುಂಟು: ಆ ಕ್ಯಾವೆಂಡಿಶ್ ಬಾಳೆ ಹೆಸರು ಪಡೆದದ್ದು ಇಂಗ್ಲೆಂಡಿನ ಚಾಟ್ಸ್‌ವರ್ತ್ ಎಂಬಲ್ಲಿಯ ಜಮೀನುದಾರರ ಮನೆತನದಿಂದ. ಅಲ್ಲಿಯ ಗಾಜಿನ ಮನೆಯಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಒಲೆಯ ಶಾಖ ಕೊಟ್ಟು ಬೆಳೆಸಿದ ಗಿಡ ೧೮೩೫ರಲ್ಲಿ ಹೂ ಬಿಟ್ಟಿತು. ಇಂದು ಲೋಕದ ಸಂತೆಯನ್ನೆಲ್ಲ ಆಳುತ್ತಿರುವ ಜಾತಿ, ಚಳಿಯನ್ನು ಸ್ವಲ್ಪವೂ ತಾಳದ್ದು, ಚಳಿದೇಶದಲ್ಲಿ ನಾಮಕರಣ ಮಾಡಿಸಿಕೊಂಡಿತು! ತಮಿಳುನಾಡಿನ ಪಳನಿ ಬೆಟ್ಟಗಳ ಇಳಿಜಾರಿನಲ್ಲಿ ಕಾಫಿಯ ನಡುವೆ ಬೆಳೆಯುವ ವಿರೂಪಾಕ್ಷಿ ಬಾಳೆ ಇದಕ್ಕೆ ವಿರುದ್ಧ. ಅಲ್ಲಿಯ ತಂಪಿನಲ್ಲಿ ನಿಧಾನವಾಗಿ ಬಲಿತ ಹಣ್ಣಿನ ಪರಿಮಳಕ್ಕಾಗಿಯೇ ಪಳನಿಯ ಪಂಚಾಮೃತಕ್ಕೆ ಅದನ್ನು ಹುಡುಕುತ್ತಾರೆ.

ಚಳಿಗಿಂತ ಮಂಗನ ಕಾಟ ದೊಡ್ಡದು ಎಂದು ನೀವು ಹೇಳುವುದು ನನಗೆ ಕೇಳಿಸುತ್ತಿದೆ. ಒಪ್ಪಿದೆ; ಅದಕ್ಕೆ ಬೇರೆಯೇ ಒಂದು ಭಾಷಣ ಬೇಕು. ಆದರೆ ೨೦೨೨ರ ಈಚೆಗೆ ಎಲೆಚುಕ್ಕೆ ರೋಗ ಮಲೆನಾಡಿನ ಅಡಿಕೆಯನ್ನು ಕಾಡಿದ ಮೇಲೆ, ತೋಟದಲ್ಲಿ ಎರಡನೆಯ ಬೆಳೆಯೊಂದು ಕೈಗೆ ಹತ್ತುವುದು ಎಷ್ಟು ಅಗತ್ಯವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದಷ್ಟು ಗೊನೆ ಚಳಿಗೆ ಸಿಕ್ಕೇ ಸಿಗುತ್ತದೆ. ಸಣ್ಣ ಕಾಯಿ, ಮಂಕು ಬಣ್ಣ. ಅಂಗಡಿಯವನು ಮುಖ ತಿರುಗಿಸುತ್ತಾನೆ. ಅದನ್ನು ಹಸಿಯಾಗಿ ಮಾರುವ ಹಟ ಬೇಡ. ಬಲಿತದ್ದನ್ನು ಕಾಯಿಯಾಗಿರುವಾಗಲೇ ತೆಳ್ಳಗೆ ಹೆಚ್ಚಿ ಒಣಗಿಸಿ ಹಿಟ್ಟು ಮಾಡಿ. ೨೦೨೧ರಲ್ಲಿ 'ಬಾಕಾಹು' ಎಂಬ ಹೆಸರಿನಿಂದ ನಮ್ಮ ಜಿಲ್ಲೆಯ ಅಡಿಗೆಮನೆಗಳಲ್ಲಿ ಹಬ್ಬಿದ ಬಾಳೆಕಾಯಿ ಹುಡಿ ಇದೇ. ಹಣ್ಣಾದರೆ ಸುಕೇಳಿ ಇದ್ದೇ ಇದೆ. ಮಾಘದ ಬಿಸಿಲು ಒಣ, ಆಕಾಶ ನಿರ್ಮಲ. ಸಿಪ್ಪೆ ಸುಲಿದ ಹಣ್ಣು ಕೆಲವೇ ದಿನಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಜೇನಿನಂತೆ ಅಂಟುತ್ತದೆ. ಸಿಪ್ಪೆಯ ಮಂಕು ಸುಕೇಳಿಯಲ್ಲಿ ಯಾರಿಗೂ ಕಾಣುವುದಿಲ್ಲ. ಚಾಪೆಯ ಮೇಲೆ ಹರಡಿದಾಗ ಹತ್ತಿರ ಒಬ್ಬರು ಕೋಲು ಹಿಡಿದು ಕುಳಿತಿರಬೇಕು, ಅಷ್ಟೇ.