ಮಧ್ಯಾಹ್ನ 3ರವರೆಗೆ ಕಾರಿಲ್ಲದ ದಾರಿ

ಅಮೆರಿಕದ ವರ್ಜೀನಿಯಾ ಕರಾವಳಿಯ ಚಿಂಕೊಟೀಗ್ ವನ್ಯಜೀವಿಧಾಮ ಸುತ್ತೋಕೆ ದೊಡ್ಡ ದಮ್ಮೇನೂ ಬೇಡ. ವೈಲ್ಡ್‌ಲೈಫ್ ಲೂಪ್ ಸುಮಾರು 5 ಕಿಲೋಮೀಟರ್, ಪೂರ್ತಿ ಸಪಾಟು. ಮಧ್ಯಾಹ್ನ 3ರವರೆಗೆ ಕಾರು ಬಿಡಲ್ಲ, ಹಾಗಾಗಿ ಬೆಳಿಗ್ಗೇನೇ ಸೈಕಲ್ ಹತ್ತಿ ಅಂತೀನಿ. ಏರಿಲ್ಲ ನಿಜ, ಆದ್ರೆ ಸಮುದ್ರದ ಎದುರುಗಾಳಿ ಅದಕ್ಕಿಂತ ಕಾಟ. ಬೇಸಿಗೆ ಸೊಳ್ಳೆ ಬಗ್ಗೆ ಕೇಳಲೇಬೇಡಿ!

ಜನ ಬರೋದು ಕಾಡುಕುದುರೆ ನೋಡೋಕೆ. ಆದ್ರೆ 1943ರಲ್ಲಿ ಧಾಮ ಹುಟ್ಟಿದ್ದು ವಲಸೆ ಹಕ್ಕಿಗಳಿಗಾಗಿ. ಲೂಪಿನ ನಡುವೆ ಇರೋದು ಅವುಗಳಿಗೆಂದೇ ಒಡ್ಡು ಕಟ್ಟಿ ನೀರು ನಿಲ್ಲಿಸಿದ ಕೊಳ. ಚಳಿಗಾಲದಲ್ಲಿ ಅಲ್ಲಿಂದ ಬಿಳಿ ಹೆಬ್ಬಾತುಗಳ ಹಿಂಡು ಒಟ್ಟಿಗೆ ಎದ್ದರೆ ಪೆಡಲ್ ತುಳಿಯೋದೇ ಮರೆತುಹೋಗುತ್ತೆ. ಕುದುರೆಗಿಂತ ನನಗೆ ಅದೇ ದೊಡ್ಡದು.

ಇದು ಮರಳು ದ್ವೀಪ. ಬಿರುಗಾಳಿ, ಅಲೆಗಳು ದಡವನ್ನ ಒಳಗೊಳಗೆ ತಳ್ತಾನೇ ಇವೆ. ಉಪ್ಪುನೀರು ನುಗ್ಗಿದ್ರೆ ಕೊಳವೂ ಹೋಯ್ತು, ಹಕ್ಕಿಗಳ ಮೇವೂ ಹೋಯ್ತು. ಹೋಗೋದಿದ್ರೆ ದುರ್ಬೀನು ಮರೀಬೇಡಿ.