ಸ್ಫಟಿಕವೆಂದು ಬಂದ ಕಲ್ಲು



ಹಲವು ವರ್ಷಗಳ ಹಿಂದೆ, ನಾನು ಭೂವಿಜ್ಞಾನದ ಅಧ್ಯಾಪಕನಾಗಿದ್ದಾಗ, ಒಂದು ಸಂಜೆ ಹಿರಿಯ ರೈತರೊಬ್ಬರು ಮನೆಗೆ ಬಂದರು. ಹೆಗಲ ವಸ್ತ್ರದ ಗಂಟನ್ನು ಬಿಚ್ಚಿ, ಹಿಡಿಗಾತ್ರದ ತಿಳಿಯಾದ ಕಲ್ಲೊಂದನ್ನು ಮೇಜಿನ ಮೇಲಿಟ್ಟರು. ಜಾತ್ರೆಯಲ್ಲಿ ಯಾರೋ ಅದನ್ನು ಸ್ಫಟಿಕವೆಂದು ಮಾರಿದ್ದರಂತೆ. ಒಂದು ಎತ್ತು ಮಾರಿ ಬಂದ ಹಣ ಅದಕ್ಕೆ ಸಂದಿತ್ತು. "ಕಲಿತವರು ನೀವು. ದಿಟವೋ ಅಲ್ಲವೋ ನೋಡಿ ಹೇಳಿ, ಸ್ವಾಮಿ" ಎಂದರು.

ಕಲ್ಲಿನ ವಿಷಯದಲ್ಲಿ ನೋಡಿ ಹೇಳುವುದೇ ಅಪಾಯ. ಸ್ಫಟಿಕವು ಬೆಣಚುಕಲ್ಲಿನ ಶುದ್ಧರೂಪ. ಅದರಂತೆಯೇ ತೋರಬಲ್ಲ ಇನ್ನೊಂದು ಖನಿಜ ಕ್ಯಾಲ್ಸೈಟ್, ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ನಮ್ಮ ಶಹಾಬಾದಿನ ಹಾಸುಗಲ್ಲಿನಲ್ಲಿ, ಗೂಡಿನಲ್ಲಿ ಸುಡುವ ಸುಣ್ಣಕಲ್ಲಿನಲ್ಲಿ ಇರುವ ಮುಖ್ಯ ದ್ರವ್ಯ ಅದೇ. ಶುದ್ಧವಾಗಿದ್ದರೆ ಅದಕ್ಕೆ ಬಣ್ಣವಿಲ್ಲ. ಬೇರೆ ದ್ರವ್ಯ ಬೆರೆತರೆ ಹಳದಿಯೋ ಕೆಂಪೋ ಆದೀತು. ತೂಕವೂ ನೆರವಾಗದು. ಕ್ಯಾಲ್ಸೈಟ್ ನೀರಿಗಿಂತ 2.71 ಪಟ್ಟು ಭಾರ, ಬೆಣಚು 2.65 ಪಟ್ಟು. ಈ ಅಂತರ ಅಂಗೈಗೆ ತಿಳಿಯುವಂಥದಲ್ಲ.

ಆದುದರಿಂದ ಮೊದಲ ಪರೀಕ್ಷೆ ಕಾಠಿಣ್ಯದ್ದು. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ರಚಿಸಿದ ಹತ್ತು ಮೆಟ್ಟಿಲುಗಳ ಅಳತೆಯಲ್ಲಿ ಕ್ಯಾಲ್ಸೈಟ್ ಮೂರನೆಯದು, ಬೆಣಚು ಏಳನೆಯದು. ಬೆಣಚು ಗಾಜನ್ನು ಗೀಚುತ್ತದೆ. ಕ್ಯಾಲ್ಸೈಟ್ ಉಗುರಿಗೆ ಮಣಿಯದಿದ್ದರೂ ಚಾಕುವಿಗೆ ಮಣಿಯುತ್ತದೆ. ಹಿರಿಯರ ಅಪ್ಪಣೆ ಪಡೆದು ಕಲ್ಲಿನ ಅಂಚನ್ನು ಗಾಜಿನ ಚೂರಿಗೆ ಉಜ್ಜಿದೆ. ಗಾಜಿಗೆ ಏನೂ ಆಗಲಿಲ್ಲ. ಚಾಕುವಿನ ತುದಿ ಮಾತ್ರ ಕಲ್ಲಿನ ಮೇಲೆ ಬಿಳಿಯ ಗೆರೆಯನ್ನೆಳೆಯಿತು.

ಎರಡನೆಯದು ಸೀಳು. ಬೆಣಚು ಗಾಜಿನಂತೆ ಬಾಗಿದ ಮೈಗಳಾಗಿ ಒಡೆಯುತ್ತದೆ. ಕ್ಯಾಲ್ಸೈಟ್ ಮೂರು ದಿಕ್ಕುಗಳಲ್ಲಿ ನುಣುಪಾಗಿ ಸೀಳುತ್ತದೆ. ಆ ಸೀಳುಗಳು ಸುಮಾರು 75 ಮತ್ತು 105 ಡಿಗ್ರಿಯ ಕೋನಗಳಲ್ಲಿ ಕೂಡುವುದರಿಂದ ಪ್ರತಿ ಚೂರೂ ಒಂದು ಬದಿಗೆ ವಾಲಿದ ಪೆಟ್ಟಿಗೆಯಂತಿರುತ್ತದೆ. ಈ ಕಲ್ಲಿನ ಮುಕ್ಕಾದ ಮೂಲೆಯೂ ಹಾಗೆಯೇ ಇತ್ತು.

ಮೂರನೆಯದು ಆಮ್ಲ. ಆ ಮೂಲೆಯಿಂದ ಉದುರಿದ ಹರಳಿನ ಮೇಲೆ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಯನ್ನು ಬಿಟ್ಟೆ. ಕೂಡಲೇ ನೊರೆಯೆದ್ದಿತು, ಹೊರಬಿದ್ದುದು ಇಂಗಾಲದ ಡೈಆಕ್ಸೈಡ್. ಕ್ಯಾಲ್ಸೈಟಿನ ಬಳಗಕ್ಕೇ ಸೇರಿದ ಡಾಲಮೈಟ್ ಕೂಡ, ಪುಡಿಮಾಡದ ಹೊರತು, ತಣ್ಣನೆಯ ಆಮ್ಲದಲ್ಲಿ ಹೀಗೆ ನೊರೆಯುವುದಿಲ್ಲ. ಬೆಣಚು ಸುಮ್ಮನಿರುತ್ತದೆ.

"ಹಾಗಾದರೆ ಸುಣ್ಣದ ಕಲ್ಲು ಅನ್ನಿ" ಎಂದರು ಹಿರಿಯರು. ಹೌದೆನ್ನಲು ನನಗೆ ನಾಲಗೆ ಏಳಲಿಲ್ಲ.

ಸಮಾಧಾನಕ್ಕೆಂದು ಒಂದು ಹಾಳೆಯ ಮೇಲೆ ಗೆರೆಯೆಳೆದು, ಕಲ್ಲನ್ನು ಅದರ ಮೇಲಿಟ್ಟೆ. ಗೆರೆ ಎರಡಾಗಿ ಕಂಡಿತು. ಒಳಹೊಕ್ಕ ಬೆಳಕು ಕ್ಯಾಲ್ಸೈಟಿನಲ್ಲಿ ಎರಡು ಕಿರಣಗಳಾಗಿ ಒಡೆಯುತ್ತದೆ. ಐಸ್‌ಲೆಂಡಿನಿಂದ ಬಂದ ಇಂಥದೇ ಕಲ್ಲಿನಲ್ಲಿ ಡೆನ್ಮಾರ್ಕಿನ ರಾಸ್ಮಸ್ ಬಾರ್ತೊಲಿನ್ ಇದನ್ನು ಕಂಡು 1669ರಲ್ಲಿ ಪ್ರಕಟಿಸಿದ. ಬೆಳಕಿನ ಸ್ವರೂಪವನ್ನರಿಯಲು ವಿಜ್ಞಾನಿಗಳಿಗೆ ಅದು ದಾರಿಯಾಯಿತು. ಇಷ್ಟನ್ನೂ ನಾನು ಉತ್ಸಾಹದಿಂದ ವಿವರಿಸಿದೆ. ಹಿರಿಯರು ಗೆರೆಗಳನ್ನೇ ನೋಡುತ್ತಿದ್ದು, "ಮಾರಿದವನೂ ಹೀಗೇ, ಇಲ್ಲದ್ದನ್ನು ತೋರಿಸಿದ" ಎಂದು ಕಲ್ಲನ್ನು ಗಂಟು ಕಟ್ಟಿಕೊಂಡು ಎದ್ದರು.

ಎತ್ತು ಮರಳಿ ಬರಲಿಲ್ಲ. ಅಂದು ನಾನು ಮಾಡಿದ ಪರೀಕ್ಷೆಗೆ ಕಾಲುಗಂಟೆಯೂ ಹಿಡಿಯಲಿಲ್ಲ. ಮೊದಲೆರಡಕ್ಕೆ ಬೇಕಾದುದು ಗಾಜಿನ ಚೂರು, ಚಾಕು, ಎರಡು ಕಣ್ಣು. ಆಮ್ಲವಿಲ್ಲದಿದ್ದರೆ ನಿಂಬೆರಸದಲ್ಲೂ ಕ್ಯಾಲ್ಸೈಟಿನ ಪುಡಿ ಗುಳ್ಳೆಯೇಳುತ್ತದೆ. ಇಷ್ಟನ್ನು ತರಗತಿಯ ಗೋಡೆಗಳ ನಡುವೆಯೇ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಆ ಹಿರಿಯರಿಗೆ ಹೇಳಬೇಕಾದ ಹೊತ್ತಿನಲ್ಲಿ ಹೇಳಿದವರಿರಲಿಲ್ಲ. ಅದಕ್ಕಾಗಿಯೇ ಇಂದು ನಿಮ್ಮೆದುರು ಹೇಳಿದ್ದೇನೆ.