ಮಗನನ್ನು ಕಸಬಿಗೆ ಕಳಿಸುವುದೆ?
(ಬಂದರಿನಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ: ಹುಡುಗ ಕಾಲೇಜಿಗೋ, ಐ.ಟಿ.ಐ.ಗೋ? ಹೆಚ್ಚಾಗಿ ಸಾಲ ಮಾಡಿಯಾದರೂ ಕಾಲೇಜಿಗೇ ಸೇರಿಸುತ್ತೇವೆ. ಲೆಕ್ಕದಲ್ಲಿ ಹಿಂದೆ ಬಿದ್ದವನಿಗೆ 'ನೀನು ಕೈಕೆಲಸಕ್ಕೇ ಸರಿ' ಎನ್ನುವ ವಾಡಿಕೆಯನ್ನು ಶಾಲೆಗಳಲ್ಲಿ ನಾವು ಕಂಡಿದ್ದೇವೆ. ಲೆಕ್ಕ ಬಾರದವನು ದೋಣಿ ಕಟ್ಟುವುದು ಹೇಗೆ? ಕಾಗದದ ನಕ್ಷೆಯಿಲ್ಲದೆ ಮರದ ಹಡಗು ಕಟ್ಟುವ ಆಚಾರಿಗಳು ಈ ಕರಾವಳಿಯಲ್ಲಿದ್ದರು. ಹಲಗೆ ಎಲ್ಲಿ ಎಷ್ಟು ಬಾಗಬೇಕು, ಸರಕು ಹೇರಿದಾಗ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದೆಲ್ಲ ಅವರ ತಲೆಯೊಳಗೇ ಇತ್ತು.

ಹಾಗೆಂದು ಕಸಬನ್ನು ಬರಿದೇ ಹೊಗಳುವ ಭಾಷಣಗಾರರನ್ನು ನಂಬಬೇಡಿ. ಅಂಥವರ ಮಕ್ಕಳು ವೆಲ್ಡಿಂಗ್ ಕಲಿಯುವುದನ್ನು ನಾವಂತೂ ಕಂಡಿಲ್ಲ.

ನಮ್ಮೂರಿನದೇ ಎರಡು ಸಂಗತಿ ನೋಡಿ. ಇಲ್ಲೇ ಪಾಂಡೇಶ್ವರದಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಪ್ರಧಾನ ಕಚೇರಿ ಇತ್ತು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಜಿಲ್ಲೆಗೆ ನೋವಾಯಿತು, ನಿಜ. ಫಲಕ ಇಳಿಯಿತು, ಗುಮಾಸ್ತರ ಸಂಬಳ ನಿಲ್ಲಲಿಲ್ಲ. ಅವರಿಗೆ ಸೇವಾನಿಯಮವಿತ್ತು, ಬಲವಾದ ಸಂಘವಿತ್ತು.

ಇನ್ನೊಂದು ಹಂಚಿನದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಮಂಗಳೂರು ಹಂಚು ಕಡಲಾಚೆಗೂ ಹೋಯಿತು. ಕಾಂಕ್ರೀಟಿನ ಮಾಡು ಬಂದಮೇಲೆ ಎಷ್ಟೋ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಭಟ್ಟಿಯ ಬೆಂಕಿಯ ಬಣ್ಣ ನೋಡಿಯೇ ಹಂಚು ಬೆಂದಿತೋ ಇಲ್ಲವೋ ಹೇಳಬಲ್ಲವನನ್ನು ಯಾರೂ 'ವಿಲೀನ' ಮಾಡಿಕೊಳ್ಳಲಿಲ್ಲ!

ಇಬ್ಬರ ಅಂತರ ಬುದ್ಧಿಯದಲ್ಲ, ಬೆನ್ನಿಗಿರುವ ಕಾನೂನಿನದು. 1952ರ ಭವಿಷ್ಯನಿಧಿ ಕಾನೂನು 20 ಮಂದಿಯ ಗೆರೆ ಎಳೆಯಿತು. ನಾಲ್ಕೈದು ಹುಡುಗರ ವರ್ಕ್‌ಶಾಪು ಆ ಗೆರೆಯ ಹೊರಗೆ. 2023ರ ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ದೋಣಿ ಕಟ್ಟುವವರೂ ಇದ್ದಾರೆ. ತರಬೇತಿ ಉಂಟು, ಸಲಕರಣೆಗೆ 15,000 ರೂಪಾಯಿ ಉಂಟು, ಸಾಲವೂ ಉಂಟು. ಮುಪ್ಪಿನಲ್ಲಿ ಪಿಂಚಣಿ ಮಾತ್ರ ಅದರಲ್ಲಿಲ್ಲ. ಅದನ್ನು ಕೇಳಲೇಬೇಕು, ಒಟ್ಟಾಗಿ ಕೇಳಬೇಕು.

ಅಲ್ಲಿಯವರೆಗೆ ಕೈಯಲ್ಲಾಗುವ ಕೆಲಸವೊಂದಿದೆ. ಈಗ ದೋಣಿಗೆ ಉಕ್ಕು, ಫೈಬರ್ ಬಂದಿವೆ. ಬಾಚಿ ಹಿಡಿದವನ ಮಗ ವೆಲ್ಡಿಂಗ್ ಟಾರ್ಚು ಹಿಡಿದಿದ್ದಾನೆ. ಕೆಲಸ ಬಲ್ಲ, ಸರ್ಟಿಫಿಕೇಟಿಲ್ಲ. ಅನುಭವದ ಮೇಲೆ ಖಾಸಗಿಯಾಗಿ ಐ.ಟಿ.ಐ. ಟ್ರೇಡ್ ಪರೀಕ್ಷೆಗೆ ಕೂರುವ ದಾರಿ ಇದೆ. ಅದಕ್ಕೆ ಯಜಮಾನರ ಅನುಭವಪತ್ರ ಬೇಕು. ವರ್ಕ್‌ಶಾಪಿನ ಯಜಮಾನರು ಈ ಸಭೆಯಲ್ಲೇ ಅನೇಕರಿದ್ದೀರಿ. ಹುಡುಗ ಬಿಟ್ಟು ಹೋದಾನೆಂದು ಆ ಕಾಗದಕ್ಕೆ ರುಜು ಹಾಕಲು ನೀವು ಹಿಂಜರಿಯುತ್ತೀರಿ. ನಿಮ್ಮ ಸ್ವಂತ ಮಗನಾಗಿದ್ದರೆ ರುಜು ಹಾಕುತ್ತಿರಲಿಲ್ಲವೆ? ಅರ್ಜಿ ಬರೆಯಲು ಬಾರದವರು ಸಭೆ ಮುಗಿದ ಮೇಲೆ ಇಲ್ಲೇ ನಿಲ್ಲಿ, ನಾವು ಬರೆದುಕೊಡುತ್ತೇವೆ.